ಜರಿ ಕಟ್ಟಿದ ಫ್ಯೂಸು

ಇಡ್ಲಿ ಹಿಟ್ಟು ಇನ್ನೇನು ನುಣ್ಣಗಾಗಬೇಕು, ಗ್ರೈಂಡರು ನಿಂತಿತು, ಫ್ಯಾನು ನಿಂತಿತು. ಪಕ್ಕದ ಮನೆಯ ಟಿ.ವಿ. ಮಾತ್ರ ಅರಚುತ್ತಲೇ ಇತ್ತು. ಅಂದರೆ ಹೋದದ್ದು ಊರಿನ ಕರೆಂಟಲ್ಲ, ನಮ್ಮದು. ಮದುಕ್ಕರೈಯ ಈ ಮನೆಗೆ ಮೊನ್ನೆಮೊನ್ನೆ ಹೊಸ ಬೋರ್ಡು ಹಾಕಿಸಿದ್ದೇವೆ. ಬಿಳಿ ಪೆಟ್ಟಿಗೆ, ಒಳಗೆ ಕೋಣೆಗೊಂದರಂತೆ ಪುಟ್ಟ ಸ್ವಿಚ್ಚುಗಳು, ತುದಿಯಲ್ಲಿ ಎಲ್ಲಕ್ಕೂ ಯಜಮಾನನಂತೆ ದಪ್ಪನೆಯದೊಂದು. ಮನೆಯಲ್ಲಿ ಎಲ್ಲಾದರೂ ಕರೆಂಟು ದಾರಿ ತಪ್ಪಿ ಸೋರಿದರೆ ಈ ಯಜಮಾನ ಬಿದ್ದು ಎಲ್ಲವನ್ನೂ ನಿಲ್ಲಿಸಬೇಕಂತೆ. ಈ ವಾರವೆಲ್ಲ ಅವನಿಗೆ ಬೀಳುವುದೇ ಕೆಲಸ.

"ಅಮ್ಮಾ, ಮರುಪಡಿಯುಂ ಪೋಚ್ಚಾ?" ಒಳಗಿನಿಂದ ಮಗಳು ತಮಿಳಿನಲ್ಲಿ ಕೂಗಿದಳು. ಹೌದು ತಾಯಿ, ಮತ್ತೆ ಹೋಯಿತು. ನನಗೂ ರೇಗಿತು. ಈ ಶನಿಯನ್ನು ಕಿತ್ತುಹಾಕಿ ಲೈನು ನೇರವಾಗಿ ಕೊಟ್ಟುಬಿಡಪ್ಪ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಲು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಗ್ರೈಂಡರಿನ ಕಡೆಯಿಂದ ವೈರು ಬೆಂದ ವಾಸನೆ ಬಂತು. ಆ ವಾಸನೆ ಬಂದರೆ ನನಗೆ ಸೌಡತ್ತೆಯ ನೆನಪು. ನಗಬೇಡಿ, ಹೇಳುತ್ತೇನೆ.

ಸೌಡತ್ತೆ ಅಪ್ಪನ ಅಕ್ಕ. ಮಡತ್ತುಕುಳಂನಲ್ಲಿ ನಾವೆಲ್ಲ ಒಟ್ಟಿಗಿದ್ದ ಮನೆ, ಮುಂದಿನ ಕೋಣೆಯಲ್ಲಿ ಕುಣಿಮಗ್ಗ. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಳೆಂದರೆ ಮಧ್ಯಾಹ್ನದ ಊಟಕ್ಕೂ ಅವಳನ್ನು ಗದರಿಸಿಯೇ ಎಬ್ಬಿಸಬೇಕು. ನಮ್ಮವರು ಕನ್ನಡ ನಾಡು ಬಿಟ್ಟು ಈ ಕಡೆ ಯಾವಾಗ ಬಂದರೋ ಯಾರಿಗೂ ಗೊತ್ತಿಲ್ಲ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಅತ್ತೆಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನೂ ಕಲಿತದ್ದು ತಲೆ ನರೆಯಲು ಶುರುವಾದ ಮೇಲೆಯೇ.

ಅವಳಿಗೆ ಹರಿದದ್ದು ಕಂಡರೆ ಆಗುತ್ತಿರಲಿಲ್ಲ. ಮಗ್ಗದುದ್ದಕ್ಕೂ ಬಿಗಿದ ಹಾಸಿನಲ್ಲಿ ಒಂದು ಎಳೆ ಹರಿದರೆ ಲಾಳಿ ನಿಲ್ಲಿಸಿ, ಎರಡು ತುದಿಗಳನ್ನು ಹುಡುಕಿ, ಬೆರಳಲ್ಲೇ ಹೊಸೆದು ಸೇರಿಸುವಳು. ಸೇರಿದ್ದೆಲ್ಲಿ ಎಂದು ನಮಗೆ ಕಾಣುತ್ತಲೇ ಇರಲಿಲ್ಲ. "ಹರ್ದಿದ್ದ ನೋಡ್ಕೊಂಡು ಸುಮ್ನೆ ಇದ್ರೆ ಕೈ ಇರಾದು ಎದಕ್ಕೆ ಕಣ್ಣು?" ಎನ್ನುತ್ತಿದ್ದಳು. ಮುದ್ದಿಗೆ ನಮ್ಮನ್ನೆಲ್ಲ ಕಣ್ಣು ಎಂದೇ ಕರೆಯುವಳು. ನೂಲಷ್ಟೇ ಅಲ್ಲ, ನಮ್ಮ ಚಪ್ಪಲಿ, ಚೀಲ, ಎದುರು ಮನೆಯ ಗಂಡಹೆಂಡಿರ ಜಗಳ, ಎಲ್ಲಕ್ಕೂ ಅವಳೇ ಹೋಗಿ ಗಂಟು ಹಾಕಿ ಬರಬೇಕು. ಆ ಗಂಡಹೆಂಡಿರು ಈಗಲೂ ಒಟ್ಟಿಗಿದ್ದಾರೆ, ಜಗಳವೂ ಇದೆ.

ಆ ಮನೆಯ ಬಾಗಿಲ ಮೇಲೆ ಮರದ ಹಲಗೆ, ಅದರ ಮೇಲೊಂದು ಪಿಂಗಾಣಿ ಫ್ಯೂಸು. ವೈರು ಎಳೆದಾಗ ಮನೆಯಲ್ಲಿದ್ದದ್ದು ಬಲ್ಬುಗಳು ಮಾತ್ರ. ಆಮೇಲೆ ಫ್ಯಾನು ಬಂತು, ಮಿಕ್ಸಿ ಬಂತು, ಇಸ್ತ್ರಿಪೆಟ್ಟಿಗೆ ಬಂತು, ನೂಲು ಸುತ್ತುವ ಮೋಟಾರು ಬಂತು. ವೈರು ಮಾತ್ರ ಅದೇ ಹಳೆಯದು. ಎಲ್ಲವೂ ಒಟ್ಟಿಗೆ ಓಡಿದರೆ ಫ್ಯೂಸು ಹೋಗುತ್ತಿತ್ತು. ಅತ್ತೆಯೇ ಮೈನ್ ಆರಿಸಿ, ಒಣಗಿದ ಮಣೆಯ ಮೇಲೆ ನಿಂತು, ಫ್ಯೂಸು ಕಳಚಿ ಹೊಸ ತಂತಿ ಕಟ್ಟುವಳು. ಅಷ್ಟೆಲ್ಲ ಜಾಗ್ರತೆ ಇತ್ತು. ಆದರೆ ಕೂದಲೆಳೆಯಂಥ ಆ ತಂತಿ ಮತ್ತೆ ಮತ್ತೆ ಹರಿಯುವುದು ಅವಳಿಗೆ ಅವಮಾನ. ಕೆಟ್ಟ ನೂಲು ಎಂದು ಬೈದು, ಒಂದು ದಿನ ಸೀರೆಯ ಅಂಚಿಗಿಟ್ಟಿದ್ದ ಬೆಳ್ಳಿ ಜರಿಯನ್ನು ಮಡಿಸಿ ಮಡಿಸಿ ಹುರಿ ಮಾಡಿ ಕಟ್ಟಿಬಿಟ್ಟಳು.

ಫ್ಯೂಸು ಆಮೇಲೆ ಹೋಗಲೇ ಇಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಫ್ಯೂಸು ಹೋದರೂ ಇವಳು ಜಗಲಿಯಲ್ಲಿ ಕೂತು, "ನಮ್ಮನೇದು ಬೆಳ್ಳಿ ಫ್ಯೂಸು ಸಾಮಿ, ಹರಿಯಾದಿಲ್ಲ," ಎಂದು ಬೀಗುವಳು. ನಾವೂ ಅತ್ತೆಯ ಕೈಗುಣ ಎಂದೇ ಹೊಗಳಿದೆವು.

ನನ್ನ ಮದುವೆ ಗೊತ್ತಾಯಿತು. ಮುಹೂರ್ತದ ಸೀರೆ ತಾನೇ ನೇಯುತ್ತೇನೆಂದು ಅತ್ತೆ ಹಟ ಹಿಡಿದಳು. ಎಲೆಹಸಿರು ಒಡಲು, ಅರಗಿನ ಬಣ್ಣದ ಅಂಚು. ಸೀರೆ ಅರ್ಧ ದಾಟಿತ್ತು. ಆ ಬೆಳಿಗ್ಗೆ ಒಳಗೆ ಇಸ್ತ್ರಿ, ಮಿಕ್ಸಿ, ಹೊರಗೆ ಮೋಟಾರು. ಹರಿಯಬೇಕಿದ್ದ ಫ್ಯೂಸು ಹರಿಯಲಿಲ್ಲ. ಅದರ ಬದಲು ಮಗ್ಗದ ಮೇಲೆ ಹಾದಿದ್ದ ವೈರು ಕಾದು, ಅದರ ಹೊದಿಕೆ ಉರಿಯುತ್ತ ಹನಿಹನಿಯಾಗಿ ಹಾಸಿನ ಮೇಲೆ ಬಿದ್ದು ನೂಲಿಗೆ ಬೆಂಕಿ ಹತ್ತಿತು. ಅತ್ತೆ ಓಡಿಹೋಗಿ ಮೈನ್ ಆರಿಸಿದಳು. ತಿರುಗಿ ಬಂದು ಕತ್ತರಿ ಹಿಡಿದು, ಜನ್ಮವಿಡೀ ಒಂದು ಎಳೆ ಹರಿದರೂ ಸಹಿಸದವಳು, ಬೆಂಕಿ ಮುಂದೆ ಹರಡದಂತೆ ಹಾಸಿನ ಎಲ್ಲ ಎಳೆಗಳನ್ನೂ ಕಚಕಚನೆ ಕತ್ತರಿಸಿದಳು. ನೇಯ್ದಷ್ಟು ಬಟ್ಟೆ ಉಳಿಯಿತು, ಮನೆ ಉಳಿಯಿತು.

ಸಂಜೆ ವೈರ್‌ಮ್ಯಾನ್ ಬಂದು ಫ್ಯೂಸು ಕಳಚಿ ನೋಡಿ, "ಇದನ್ನ ಯಾರು ಕಟ್ಟಿದ್ದು?" ಎಂದು ಕೇಳಿದ. ಅತ್ತೆಯೇ ಮುಂದೆ ಬಂದಳು. ತಂತಿ ಹರಿದರೇ ಮನೆ ಉಳಿಯುವುದು ಎಂದು ಅವನು ಬಿಡಿಸಿ ಹೇಳಿದ. ಅವನು ಹೋದ ಮೇಲೆ ಅವಳು ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು:

"ಹರೀಬಾರ್ದು ಅಂತ ಕಟ್ದೆ ತಮ್ಮಾ. ಹರಿಯಾದೇ ಅದರ ಕೆಲಸ ಅಂತ ನನಗೆ ಯಾರೂ ಹೇಳ್ಲೇ ಇಲ್ವೇ."

ನಾನು ಅಂಗಡಿಯ ರೇಷ್ಮೆ ಉಟ್ಟು ಮದುವೆಯಾದೆ. ಧಾರೆಯ ಹೊತ್ತಿನಲ್ಲೂ ಅತ್ತೆ ಹಿಂದಿನಿಂದ ಸೆರಗು ಹಿಡಿದು ನೋಡಿ, "ಪವರ್‌ಲೂಮು," ಎಂದು ಮೂಗು ಮುರಿದಳು. ಉಳಿದ ಅರ್ಧ ಸೀರೆ ತೋರಿಸಿ, "ಇದನ್ನ ದಾವಣಿ ಮಾಡ್ಕೊಂಡು ಚಿಕ್ಕ ಹುಡುಗಿ ಆಗ್ಬುಡು," ಎಂದು ನಗಿಸಿದಳು. ಆದರೆ ಅವಳೊಳಗೆ ಏನೋ ಮುರಿದಿತ್ತು. ತವರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಮಗ್ಗದಲ್ಲಿ ಎಳೆ ಹರಿದರೆ ತುದಿಗಳನ್ನು ಬೆರಳಲ್ಲಿ ಹಿಡಿದು ತಲೆಯೆತ್ತುವಳು. "ಕಟ್ಲಾ ಕಣ್ಣು? ಕಟ್ಬೋದಾ?" ನೇಯ್ಗೆ ಬಾರದ ನನ್ನನ್ನು ಕೇಳುವಳು! ಕಟ್ಟು ಅತ್ತೆ ಎಂದ ಮೇಲೆಯೇ ಕಟ್ಟುವಳು. ಆ ಕೈ ಅಪ್ಪಣೆ ಕೇಳಿದ್ದನ್ನು ನನಗೆ ಇವತ್ತಿಗೂ ತಾಳಲು ಆಗುವುದಿಲ್ಲ. ಕೊನೆಯವರೆಗೂ ಹಾಗೇ ಇದ್ದಳು.

ಫೋನು ಕೆಳಗಿಟ್ಟೆ. ಪುಟ್ಟ ಸ್ವಿಚ್ಚುಗಳನ್ನೆಲ್ಲ ಇಳಿಸಿ, ಯಜಮಾನನನ್ನು ಎತ್ತಿ, ಒಂದೊಂದನ್ನೇ ಮೇಲೆತ್ತುತ್ತ ಬಂದೆ. ಮಲಗುವ ಕೋಣೆ, ನಡುಮನೆ, ಎಲ್ಲ ನೆಟ್ಟಗಿದ್ದವು. ಅಡುಗೆಮನೆಯದನ್ನು ಎತ್ತಿದ್ದೇ ತಡ, ಯಜಮಾನ ಬಿದ್ದ. ಗ್ರೈಂಡರಿನ ಪ್ಲಗ್ಗು ಕಿತ್ತು ಮತ್ತೆ ಎತ್ತಿದೆ. ಬೀಳಲಿಲ್ಲ. ಗ್ರೈಂಡರಿನ ಮೈಗೇ ಕರೆಂಟು ಸೋರುತ್ತಿತ್ತು. ಹಿಟ್ಟು ಬಳಿಯಲು ಮಗಳು ಒದ್ದೆ ಕೈಯಲ್ಲೇ ಬಂದು ನಿಂತಿದ್ದಳು.

"ಇಲ್ಲಿ ಬಾ," ಎಂದು ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿದೆ. ಯಾವ ಸ್ವಿಚ್ಚು ಯಾವ ಕೋಣೆಯದು, ಯಜಮಾನ ಯಾಕೆ ಬೀಳುತ್ತಾನೆ, ಬಿದ್ದರೆ ಬೈಯದೆ ಏನು ಹುಡುಕಬೇಕು, ಎಲ್ಲವನ್ನೂ ಹೇಳಿಕೊಟ್ಟೆ. "ಬೀಳಾದೇ ಇದರ ಕೆಲಸ," ಎಂದೆ. ಅವಳು ತಲೆಯಾಡಿಸಿ, ನಾನು ಹೇಳಿದಂತೆ ಯಜಮಾನನ ಮೇಲಿದ್ದ ಪರೀಕ್ಷೆಯ ಗುಂಡಿ ಒತ್ತಿದಳು. ಟಪ್ಪೆಂದು ಮನೆಯೆಲ್ಲ ನಿಂತಿತು. ಅವಳಿಗೆ ನಗು ಬಂತು. ನನಗೆ ಅಳು ಬಂತು. ಇಷ್ಟೇ ಇಷ್ಟು ಮಾತು, ಯಾರಾದರೂ ಒಬ್ಬರು ಆ ಕಾಲದಲ್ಲಿ ಸೌಡತ್ತೆಗೆ ಹೇಳಬಾರದಿತ್ತೇ?