ಕುಬೇರಪ್ಪ ಕಾಕಾನ ಮೊಣಕಾಲು

ನವಲಗುಂದದ ಕುಬೇರಪ್ಪ ಕಾಕಾ ಕುಳಿತರೆ ಮೊಣಕಾಲು ಕುಣಿಯುತ್ತದೆ, ಎದ್ದರೆ ನಾಲಿಗೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಅರ್ಧ ದಾರಿ ನಿಂತೇ ಬರುವ ಆಸಾಮಿ. ರಜೆಗೆಂದು ಕಡಲ ನಡುವಿನ ಸಂರಕ್ಷಿತ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಬಂದಾಗಲೂ ಅದೇ ಚಡಪಡಿಕೆ. ನೀರಿಗಿಳಿಯುವ ಮುನ್ನ ಕಾಲಿನ ರಬ್ಬರ್ ರೆಕ್ಕೆ ಕಳಚಿಟ್ಟು ಕೈಮುಗಿದರು. ಗೈಡ್ ಗದರಿದರೆ, "ನಮ್ಮೂರಾಗ ಕುಡಿಯೂ ನೀರಿನ ಕೆರಿಗೆ ಚಪ್ಪಲಿ ಮೆಟ್ಕೊಂಡ ನಾವು ಇಳಿಯೂದಿಲ್ರಿ" ಎಂದರು. ಹೇಗೋ ಇಳಿಸಿದರೆ, ಒಂದೊಂದು ಮೀನು ಕಂಡಾಗಲೂ ಮೇಲೆದ್ದು ಬಂದು, ದೋಣಿಯಲ್ಲಿ ಕುಳಿತ ಹೆಂಡತಿಗೆ ಕೂಗುವರು: "ಅನ್ನವ್ವಾ, ಅಗದೀ ಅರಿಷಿಣ ಬಣ್ಣದ್ದು ಬಂದಿತ್ತ ನೋಡ!" ಮೂವತ್ತು ವರ್ಷ ಊರಿನ ಆ ಕೆರೆಯಿಂದ ಕೊಡ ಹೊತ್ತ ಅನ್ನವ್ವ, ಐದನೆಯ ಮೀನಿಗೆ, ಕಡಲನ್ನೇ ನೋಡುತ್ತ ಕೇಳಿದರು: "ಇಷ್ಟ ನೀರೈತಿ, ಒಂದ ಕೊಡಾನೂ ಕುಡ್ಯಾಕ ಬರಂಗಿಲ್ಲೇನ್ರಿ?" ಕಾಕಾ ದೋಣಿ ಹತ್ತಿ ಅವರ ಬಾಜು ಕುಳಿತರು. ದಂಡೆ ಮುಟ್ಟುವ ತನಕ ಆ ಮೊಣಕಾಲು ಅಲುಗಲಿಲ್ಲ.