ಹಾಳು ಕಚೇರಿಯ ತೊಲೆಯ ಕೆಳಗೆ

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಗಂಗಾವತಿಯಲ್ಲಿ ಇತಿಹಾಸ ಪಾಠ ಮಾಡುವವನು ನಾನು. ‘ಆಧಾರ ಏನು?’ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಹೆಂಡತಿ ಅದನ್ನೇ ತಿರುಗಿಸಿ ಕೇಳುತ್ತಾಳೆ. ಅಂಥ ನಾನು ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಂಡದ್ದನ್ನು ಹೇಳುತ್ತಿದ್ದೇನೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಆಗ ನಾನು ಒಬ್ಬ ಇಂಗ್ಲಿಷ್ ಅಧಿಕಾರಿಯ ಜೀವನಚರಿತ್ರೆ ಬರೆಯುತ್ತಿದ್ದೆ. ಬಹಳ ಹಿಂದೆ ಈ ಸೀಮೆಯಲ್ಲಿ ಅಧಿಕಾರ ನಡೆಸಿದವನು, ಫಾರ್ಸಿ ಕಾವ್ಯವನ್ನು ಅರೆದು ಕುಡಿದವನು. ಅವನ ಅನುವಾದಗಳನ್ನು ಓದಿ ನಾನು ಮರುಳಾಗಿದ್ದೆ. ಮೂಲದೊಂದಿಗೆ ಹೋಲಿಸಲು ಫಾರ್ಸಿ ಕಲಿಯೋಣವೆಂದು ಕೊಪ್ಪಳದ ಖಾದರ್ ಮಾಸ್ತರರ ಬಳಿ ಹೋಗತೊಡಗಿದೆ. ಉರ್ದು ಶಾಲೆಯಿಂದ ನಿವೃತ್ತರಾದ, ಕಡ್ಡಿಯಂಥ ಮನುಷ್ಯ. ನನ್ನ ಸಾಹೇಬನ ಹೆಸರೆತ್ತಿದರೆ ಅವರಿಗೆ ಆಗುತ್ತಿರಲಿಲ್ಲ. ತನಗೆ ಫಾರ್ಸಿ ಕಲಿಸಿದ ಉಸ್ತಾದನನ್ನೇ, ದಂಗೆಕೋರರ ಕಡೆಯವನೆಂದು, ಆತ ತನ್ನ ಕಚೇರಿಯ ತೊಲೆಗೆ ನೇಣು ಹಾಕಿಸಿದನೆಂಬ ಮಾತು ಅವರ ಮನೆತನದಲ್ಲಿ ನಡೆದುಬಂದಿತ್ತು.

“ಇದಕ್ಕ ಆಧಾರ ಎಲ್ಲೈತ್ರಿ ಮಾಸ್ತರ?” ಎಂದೆ.

“ನಿಮ್ಮ ಸಾಹೇಬ ನೇಣು ಹಾಕಿ ರಶೀದಿ ಕೊಡತಿದ್ನೇನ್ರಿ? ಫಾರ್ಸಿ ಕಲ್ತಾನಂದ್ರ ಮನಸೂ ಛಲೋ ಇರತೈತೇನು? ಬರ್ರಿ, ಜಾಗಾ ತೋರಸ್ತೀನಿ.”

ಕುಷ್ಟಗಿ ದಾರಿಯಲ್ಲಿ ಹೊಲಗಳ ನಡುವೆ ಆ ಕಚೇರಿಯ ಗೋಡೆಗಳು ಇನ್ನೂ ನಿಂತಿವೆ. ಮಾಳಿಗೆ ಬಿದ್ದು ಎಷ್ಟೋ ಕಾಲವಾಗಿ, ಒಂದು ಸಾಗವಾನಿ ತೊಲೆ ಮಾತ್ರ ಗೋಡೆಯಿಂದ ಗೋಡೆಗೆ ಉಳಿದಿತ್ತು. ಬೈಕು ನಿಲ್ಲಿಸಿ ಒಳಗೆ ಹೋದೆವು. ರಣಬಿಸಿಲು. ಮಾಸ್ತರರು ತೊಲೆಯ ಕೆಳಗೆ ನಿಂತು, “ಇಲ್ಲೇ ನೋಡ್ರಿ” ಎಂದರು. ನಾನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತ, ಬರೀ ಬಾಯಿಮಾತನ್ನು ಪುಸ್ತಕದಲ್ಲಿ ಹಾಕಲು ಬರುವುದಿಲ್ಲ, ಉಸ್ತಾದನ ಪ್ರಸ್ತಾಪವನ್ನೇ ಬಿಡುತ್ತೇನೆ ಎಂದೆ. ಅವರು ಉತ್ತರ ಕೊಡಲು ಬಾಯಿ ತೆರೆದರು.

ಮಾತು ಬರಲಿಲ್ಲ. ಕತ್ತು ಒಮ್ಮೆಗೇ ಪಕ್ಕಕ್ಕೆ ಹೊರಳಿತು. ಕಾಲುಗಳು ನೆಲ ಬಿಟ್ಟವು. ಹಗ್ಗವಿಲ್ಲ, ಏನೂ ಇಲ್ಲ. ಮಾಸ್ತರರು ಗಾಳಿಯಲ್ಲಿ ನೇತಾಡುತ್ತ ಎರಡೂ ಕೈಯಿಂದ ತಮ್ಮ ಕುತ್ತಿಗೆಯನ್ನೇ ಪರಚಿಕೊಳ್ಳುತ್ತಿದ್ದರು. ಉಗುರು ಹೊಕ್ಕು ರಕ್ತ ಇಳಿಯಿತು. ಕಣ್ಣುಗುಡ್ಡೆಗಳು ಹೊರಬಂದವು, ನಾಲಿಗೆ ಹಲ್ಲಿಗೆ ಸಿಕ್ಕಿ ಸೀಳಿತು. ಒದೆಯುವ ಕಾಲಿನ ಚಪ್ಪಲಿ ಹಾರಿ ನನ್ನ ಮುಖಕ್ಕೆ ಬಡಿಯಿತು. ಓಡಿಹೋಗಬೇಕೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ಕೈಗಳು ತಾವೇ ಮುಂದಾಗಿ ಅವರ ತೊಡೆಗಳನ್ನು ತಬ್ಬಿ ಮೇಲೆತ್ತಿದವು. ಅವರ ಮೊಣಕಾಲು ಬಡಿದು ನನ್ನ ಹಲ್ಲು ಮುರಿಯಿತು. ಬಾಯಿ ತುಂಬ ರಕ್ತವಿಟ್ಟುಕೊಂಡು ಕೂಗುತ್ತಲೇ ಎತ್ತಿದೆ. ಕಡ್ಡಿಯಂಥ ಮನುಷ್ಯ ಕಲ್ಲಿನ ಗುಂಡಾಗಿದ್ದರು. ಎತ್ತಿದಷ್ಟೂ ಕೆಳಗೆ ಜಾರುತ್ತಿದ್ದರು. ಕೊನೆಗೆ ಮೇಲೆ ಏನೋ ಕಡಿದಂತಾಗಿ ಇಬ್ಬರೂ ಕಲ್ಲುಗಳ ಮೇಲೆ ಬಿದ್ದೆವು.

ಕೊಪ್ಪಳದಲ್ಲಿ ಡಾಕ್ಟರು ಕುತ್ತಿಗೆಯ ಸುತ್ತಲ ಬರೆ ನೋಡಿ, ಇದು ಹಗ್ಗದ್ದೇ ಎಂದರು. ಪೊಲೀಸರು ಬಂದರು. ಜೊತೆಗಿದ್ದವನು ನಾನೊಬ್ಬನೇ. ಮಾಸ್ತರರ ಮಗ ನನ್ನ ಅಂಗಿಯ ಕಾಲರ್ ಹಿಡಿದು, “ನಮ್ಮಪ್ಪಗ ಏನ್ ಮಾಡಿದ್ಯೋ? ಹಗ್ಗಾ ಎಲ್ಲಿ ಒಗದಿ?” ಎಂದು ಗೋಡೆಗೆ ಅಪ್ಪಳಿಸಿದ. ನಾನು ಹೇಳಿದ್ದನ್ನು ಯಾರು ನಂಬಬೇಕು? ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಮಾಸ್ತರರು ಸತ್ತರೆ ನಾನು ಕೊಲೆಗಾರ, ಅಷ್ಟೇ.

ಅವರು ಬದುಕಿದರು. ದನಿ ಬಂದೊಡನೆ ಮಗನನ್ನು ಕರೆದು, “ಅವ್ರನ್ನ ಬಿಡು, ನನ್ನ ಜೀವಾ ಉಳಿಸ್ಯಾರ” ಎಂದರಂತೆ. ಮಗ ಬಿಟ್ಟ, ಆದರೆ ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ.

ಅವರನ್ನು ನೋಡಲು ಹೋದವನು ಮಂಚದ ಬದಿಗೆ ಕೂತು ಅತ್ತುಬಿಟ್ಟೆ. ಉಸ್ತಾದನ ಸಂಗತಿ ಬರೆಯುತ್ತೇನೆ, ಯಾರು ಏನೇ ಕೇಳಲಿ ಎಂದೆ. 

“ಬರೀರಿ. ಆದ್ರ ಒಂದು ತಿಳಿವಲ್ದು ನನಗ,” ಎಂದರು, ಒಡೆದ ದನಿಯಲ್ಲಿ. “ನೀವು ಎತ್ತಾಕತ್ತಿದ್ರಿ, ನಿಮ್ಮ ಕೈ ಗೊತ್ತಾತು. ಕೆಳಗ ಇನ್ನೊಬ್ಬ ಇದ್ದ. ಪಾಠಕ್ಕ ಕೂಡೂ ಮುಂಚೆ ಉಸ್ತಾದನ ಪಾದಾ ಹಿಡೀತಾರಲ್ರಿ, ಹಂಗ ಎರಡೂ ಕೈಯಾಗ ಹಿಡದಿದ್ದ. ಹಿಡದು ಕೆಳಕ್ಕ ಜಗ್ಗತಿದ್ದ. ಜಗ್ಗಕೋತ ಅಳತಿದ್ದ.”

ನೇಣಿನಲ್ಲಿ ಒದ್ದಾಡುವವನ ಕಾಲು ಜಗ್ಗಿದರೆ ಜೀವ ಬೇಗ ಹೋಗುತ್ತದೆ. ನನ್ನ ಸಾಹೇಬ ಉಸ್ತಾದನ ನರಳಾಟ ತಪ್ಪಲೆಂದು ಜಗ್ಗಿದನೋ, ಸಾಯಲೇಬೇಕೆಂದು ಜಗ್ಗಿದನೋ, ನನಗೆ ಇವತ್ತಿಗೂ ತಿಳಿದಿಲ್ಲ. ಪುಸ್ತಕ ಅಲ್ಲಿಗೇ ನಿಂತಿದೆ.