ಕಂಡಿಕೆ ಬುಟ್ಟಿಯಲ್ಲಿ ಎಂಟು ಮಾತ್ರೆ

ದೊಡ್ಡವ್ವನ ಕಂಡಿಕೆ ಬುಟ್ಟಿಯಲ್ಲಿ ಎಂಟು ಮಾತ್ರೆಗಳು ಸಿಕ್ಕವು.

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಪುಟ್ಟ ಕೊಳವೆ. ಖಾಲಿ ಕಂಡಿಕೆಗಳ ಅಡಿಯಲ್ಲಿ, ಕಾಗದದಲ್ಲಿ ಸುತ್ತಿ, ಜೋಪಾನವಾಗಿ ಇಟ್ಟಿದ್ದಳು. ವಾರಕ್ಕೊಂದು ನುಂಗಬೇಕಾದ ಮಾತ್ರೆ. ಎಂಟು ಎಂದರೆ ಎಂಟು ವಾರ.

“ಯಾಕ ನುಂಗಿಲ್ಲ?” ಎಂದೆ.

“ನೀನ ಬರದಿಯಲ್ಲ, ಪೇಪರಿನ್ಯಾಗ” ಎಂದಳು.

ಇದನ್ನು ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು. ಮನೆಯ ವಿಷಯವನ್ನು ಅಂಕಣಕ್ಕೆ ತರುವವಳಲ್ಲ ನಾನು (ಅದೇ ನಿಮ್ಮ ದೂರು ಎಂದು ಗೊತ್ತು). ಆದರೆ ತಪ್ಪು ಮಾಡಿದ್ದು ಇದೇ ಜಾಗದಲ್ಲಿ. ಒಪ್ಪಿಕೊಳ್ಳಬೇಕಾದದ್ದೂ ಇಲ್ಲೇ ತಾನೆ?

ದೊಡ್ಡವ್ವ ನನ್ನ ತಾಯಿಯ ಅಕ್ಕ. ಬೆಟಗೇರಿಯಲ್ಲಿದ್ದಾಳೆ. ನಾನು ಮುಂಡರಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಡಂಬಳದ ಮೇಲೆ ಹಾಯುವ ಬಸ್ಸು ಹಿಡಿದು ಅವಳ ಮನೆಗೆ ಹೋಗುತ್ತೇನೆ, ಸಂಜೆ ಮರಳುತ್ತೇನೆ.

ಮೂವತ್ತು ವರ್ಷ ಅವಳು ಮಾಡಿದ್ದು ಹಾಸು ಕೆಚ್ಚುವ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಎರಡು ಸಾವಿರಕ್ಕೂ ಮಿಕ್ಕಿದ ಎಳೆಗಳು. ಬೆರಳು ಜಾರದಂತೆ ಪಕ್ಕದಲ್ಲೊಂದು ಬಟ್ಟಲು ಬೂದಿ. ದೊಡ್ಡವ್ವ ನೂಲನ್ನು ನೋಡುತ್ತಲೇ ಇರಲಿಲ್ಲ. ಓಣಿಯ ಸುದ್ದಿಯೆಲ್ಲ ಮಾತಾಡುತ್ತ ಕೆಚ್ಚುತ್ತಿದ್ದಳು.

ಮೂರು ವರ್ಷದ ಹಿಂದೆ ಬೆರಳಿನ ಕೀಲುಗಳು ಊದಿಕೊಂಡವು. ಸಂಧಿವಾತ ಎಂದರು ಡಾಕ್ಟರು. ಹೊರಗಿನ ರೋಗಾಣುಗಳನ್ನು ಹಿಡಿಯಬೇಕಾದ ಕೋಶಗಳು ಅವಳ ಕೀಲುಗಳನ್ನೇ ಹಿಡಿದುಕೊಂಡಿವೆ, ಈ ಮಾತ್ರೆ ಅವುಗಳನ್ನು ಸ್ವಲ್ಪ ಸುಮ್ಮನಿರಿಸುತ್ತದೆ ಎಂದರು. ಮಾತ್ರೆ ಶುರುವಾಯಿತು, ಊತ ಇಳಿಯಿತು. ಅವಳು ಮತ್ತೆ ನಾಲ್ಕು ಮನೆಗಳಲ್ಲಿ ಕೆಚ್ಚುವುದಕ್ಕೆ ಕೂತಳು.

ಈ ವರ್ಷ ನಾನೊಂದು ಅಂಕಣ ಬರೆದೆ.

ಮಳೆಗಾಲ. ಊರ ತುಂಬ ಜ್ವರ. ರೋಗನಿರೋಧಕ ಶಕ್ತಿಯ ಬಗ್ಗೆ ಸರಳವಾಗಿ ಬರೆಯೋಣ ಎನಿಸಿತು. ದೇಹವೆಂಬ ಕೋಟೆ, ಬಿಳಿ ರಕ್ತಕಣವೆಂಬ ಸೈನಿಕ, ಬಾಗಿಲಲ್ಲಿ ನಿಂತು ಗುರುತು ಕೇಳುವ ಕಾವಲುಗಾರ. ಅವನು ಮಲಗಿದರೆ ಮುಗಿಯಿತು, ಎಂದು ಕೊನೆಯ ಸಾಲು ಬರೆದೆ. ಚೆನ್ನಾಗಿದೆ ಎಂದು ನಾಲ್ಕು ಜನ ಫೋನ್ ಮಾಡಿದರು. ನನಗೂ ಹಾಗೇ ಅನ್ನಿಸಿತ್ತು.

ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಪ್ರತಿವಾರ ಓದಿ ಹೇಳುವವಳು ಗೋಡೆಯಾಚೆಯ ಮನೆಯ ಹಸೀನಾ. ಅವಳ ಮನೆಯಲ್ಲೂ ಮಗ್ಗವಿದೆ. ಗಂಡ ಹೆಂಡತಿ ಇಬ್ಬರೂ ನೇಯುತ್ತಾರೆ. ಮಾತ್ರೆ ಸಿಕ್ಕ ದಿನ ಅವಳನ್ನೂ ಕರೆದೆ.

“ನಾ ಒಂದ ಅಕ್ಷರ ಬಿಟ್ಟಿಲ್ಲ, ಒಂದ ಅಕ್ಷರ ಕೂಡಿಸಿಲ್ರಿ ಮೇಡಮ್ಮಾರ” ಎಂದಳು ಹಸೀನಾ. “ಖರೆ ಹೇಳ್ಬೇಕಂದ್ರ ಕಡೀ ಸಾಲು ಎಲ್ಡ ಸಲ ಓದಿಸ್ಯಾರ ನಿಮ್ಮ ದೊಡ್ಡವ್ವಾರು.”

“ಮತ್ತೇನಲೇ” ದೊಡ್ಡವ್ವ ನನ್ನ ಕಡೆ ತಿರುಗಿದಳು. “ಓಣ್ಯಾಗ ಮನಿಗೊಬ್ರು ಜ್ವರ ಹಿಡದ ಮಲಗ್ಯಾರ. ಇಂಥಾದ್ರಾಗ ಗುಳಿಗಿ ನುಂಗಿ ಕಾವಲದವರನ್ನ ಮಲಗಸು ಅಂತಿಯೇನು? ಡಾಕ್ಟರ್ ಏನ್ ಹೇಳಿದ್ರೂ, ನಮ್ಮ ಹುಡುಗಿ ಓದಿದಾಕಿ, ಆಕಿ ಬರದದ್ದ ಕೇಳಬೇಕಂತ ಮಾಡಿದೆ.”

ಅವಳ ಬಲಗೈಯ ಬೆರಳುಗಳು ಮತ್ತೆ ಊದಿಕೊಂಡಿದ್ದವು. ತೋರುಬೆರಳೂ ನಡುಬೆರಳೂ ಕಿರುಬೆರಳಿನ ಕಡೆಗೆ ಓರೆಯಾಗಿದ್ದವು. ನನಗೆ ಕಾಣದಿರಲೆಂದು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಅಷ್ಟರಲ್ಲಿ ಹಸೀನಾಳ ಮನೆಯ ಮಗ್ಗ ನಿಂತಿತು. ದೊಡ್ಡವ್ವ ಆ ಕಡೆ ಕಿವಿಗೊಟ್ಟಳು.

“ಹಾಸು ತೀರಿತೇನ ಹಸೀನಾ?”

“ಹೂನ್ರಿ. ನಾಳೆ ಕೆಚ್ಚಾಕ ಬ್ಯಾರೇದಾಕಿ ಬರ್ತಾಳ್ರಿ.” ಹಸೀನಾ ನೆಲ ನೋಡುತ್ತ ಹೇಳಿದಳು.

“ಹಗರ ಕೈಯಾಕಿನ ಕರಿ. ನೂಲು ಜಗ್ಗಾಕಿ ಬ್ಯಾಡ.”

ಅವಳ ದನಿಯಲ್ಲಿದ್ದ ಆಸೆಯನ್ನು ಏನೆಂದು ಹೇಳಲಿ? ಮದುವೆ ಊಟ ಮುಗಿಸಿ ಬಂದವರನ್ನು ಹಸಿದವರು ಏನೇನಿತ್ತೆಂದು ಕೇಳುವ ಹಾಗಿತ್ತು.

ನಾನು ಎರಡನೇ ಸಲ ಪಾಠ ಮಾಡಬೇಕಾಯಿತು. ಈ ಸಲ ಕೋಟೆ ಬಿಟ್ಟೆ.

“ಬ್ಯಾರೆ ದಪ್ಪದ ನೂಲು ನಡುವ ಬಂದ್ರ ನಿನಗ ಹೆಂಗ ಗೊತ್ತಾಗತೈತಿ ದೊಡ್ಡವ್ವ?”

“ಕೈಯಾಗ ಹಿಡದ್ರ ಗೊತ್ತಾಗತೈತಿ. ಕಣ್ಣ ಯಾಕ ಬೇಕ?”

ಕೋಶಗಳಿಗೂ ಕಣ್ಣಿಲ್ಲ. ಮೈಮೇಲೆ ರಿಸೆಪ್ಟರ್‌ಗಳಿವೆ, ಅವೇ ಅವುಗಳ ಬೆರಳು. ಕೆಲವು ಕೋಶಗಳ ಬೆರಳಿಗೆ ಹುಟ್ಟಿನಿಂದಲೇ ಒಂದಷ್ಟು ಗೊತ್ತಿರುತ್ತದೆ: ಬ್ಯಾಕ್ಟೀರಿಯದ ಹೊರಕವಚದ ತುಣುಕು, ಅದು ಈಜುವ ಬಾಲದ ಪ್ರೋಟೀನು. ಇವು ನಮ್ಮ ದೇಹ ಎಂದೂ ತಯಾರಿಸದ ವಸ್ತುಗಳು. ತಾಕಿದ ಕೂಡಲೇ ಕೋಶ ಎಚ್ಚರಗೊಳ್ಳುತ್ತದೆ. ಯಾವ ರೋಗ, ಏನು ಹೆಸರು ಎಂದು ಅದು ಕೇಳುವುದಿಲ್ಲ.

ಇನ್ನೊಂದು ಬಗೆಯವು ವಿಚಿತ್ರ. ಒಂದೊಂದಕ್ಕೂ ಬೇರೆ ಬೇರೆ ಆಕಾರದ ರಿಸೆಪ್ಟರ್, ಜೀನುಗಳ ಚೂರುಗಳನ್ನು ಕಲಸಿ ಜೋಡಿಸಿದ್ದು. ತನಗೆ ಕೂಡುವ ಆಕಾರ ಯಾವುದು, ಅದು ಈ ಲೋಕದಲ್ಲಿ ಇದೆಯೋ ಇಲ್ಲವೋ, ಅದಕ್ಕೆ ತಿಳಿಯದು. ರಕ್ತದಲ್ಲಿ ಅಲೆಯುತ್ತ ತಾಕಿ ನೋಡುತ್ತದೆ, ಬಿಡುತ್ತದೆ, ಮುಂದೆ ಹೋಗುತ್ತದೆ. ಬಹುಪಾಲು ಕೋಶಗಳು ತಮ್ಮ ಆಕಾರವನ್ನು ಕಾಣದೆಯೇ ಸಾಯುತ್ತವೆ. (ತರಗತಿಯಲ್ಲಿ ಇಲ್ಲಿಗೆ ಬಂದಾಗ ನಾನು ಕಪ್ಪು ಹಲಗೆಯ ಕಡೆ ತಿರುಗುತ್ತೇನೆ. ಏಕೆ ಎಂದು ಕೇಳಬೇಡಿ.)

“ಕಲಸಿ ಮಾಡಿದ್ರ ನಮ್ಮನ್ನ ಹಿಡಿಯೂವೂ ಹುಟ್ಟತಾವಲ್ಲ?” ಎಂದಳು ದೊಡ್ಡವ್ವ. ಪದವಿ ತರಗತಿಯಲ್ಲಿ ಈ ಪ್ರಶ್ನೆ ಕೇಳಲು ಒಬ್ಬರಾದರೂ ಇದ್ದಾರೆಯೇ?

ಹುಟ್ಟುತ್ತವೆ. ಪರೀಕ್ಷೆಯೂ ನಡೆಯುತ್ತದೆ. ನಮ್ಮದೇ ಅಂಗಗಳನ್ನು ಗಟ್ಟಿಯಾಗಿ ಹಿಡಿಯುವ ಕೋಶಗಳನ್ನು ದೇಹ ಮೊದಲೇ ತೆಗೆದುಹಾಕುತ್ತದೆ. ಕೆಲವು ನುಸುಳುತ್ತವೆ.

“ಹಂಗಾರ ಅವು ವೈರಿ ಅಲ್ಲ. ಎಳಿ ತಪ್ಪಿ ಕೆಚ್ಚ್ಯಾವು. ಬಿಚ್ಚಿದ್ರಾತು.”

“ಬಿಚ್ಚಾಕ ಬರೂದಿಲ್ಲ ದೊಡ್ಡವ್ವ. ಹಿಡತ ಸಡಲ ಮಾಡಬಹುದು. ಗುಳಿಗಿ ಮಾಡೂದು ಅಷ್ಟ. ಜ್ವರ ಬಂದ್ರ ಮಾತ್ರ ಅವತ್ತ ಡಾಕ್ಟರ್ ಕಡೆ ಹೋಗಬೇಕು.”

“ಇದನ್ನ ಮೊದಲ ಹಿಂಗ ಬರಿಯಾಕ ಏನಾಗಿತ್ತಲೇ ನಿನಗ?”

ಹಸೀನಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಯುದ್ಧದ ಮಾತು ಬರೆಯುವುದು ಸುಲಭ, ಅಷ್ಟೇ. ಕಾವಲುಗಾರನಿಗೂ ತಪ್ಪಾಗುತ್ತದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಮರುದಿನ ಕಾಲೇಜಿಗೆ ರಜೆ ಹಾಕಿ ಡಾಕ್ಟರ ಬಳಿ ಕರೆದೊಯ್ದೆ. ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಮತ್ತೆ ಶುರು ಮಾಡಿದರು. ಊತ ನಿಧಾನವಾಗಿ ಇಳಿಯುತ್ತದೆ ಎಂದರು. ಓರೆಯಾದ ಆ ಎರಡು ಬೆರಳು ನೆಟ್ಟಗಾಗುವುದಿಲ್ಲ ಎಂದೂ ಹೇಳಿದರು. ಅವು ಎಳೆ ಹೊಸೆಯುವ ಬೆರಳುಗಳು. ದೊಡ್ಡವ್ವ ಕೇಳಿಸಿಕೊಂಡಳು. ಹಿಂದಿರುಗುವಾಗ ಆಟೋದಲ್ಲಿ ಆ ಎರಡು ಬೆರಳುಗಳನ್ನು ಎಡಗೈಯಿಂದ ತೀಡುತ್ತ ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಹೋದ ಭಾನುವಾರ ಊತ ಇಳಿದಿತ್ತು. ನಾನು ಹೊಸ್ತಿಲ ಮೇಲೆ ಕೂತು ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದೆ. ದೊಡ್ಡವ್ವ ಹಿಂದಿನಿಂದ ಬಂದು ಕೂತು ನನ್ನ ಕೂದಲು ಬಿಚ್ಚಿದಳು. ಶಾಲೆಗೆ ಹೋಗುವಾಗ ಜಡೆ ಹಾಕುತ್ತಿದ್ದವಳು ಅವಳೇ. ಆಮೇಲೆ ನಾನು ದೊಡ್ಡವಳಾದೆ, ಯಾರಿಗೂ ತಲೆ ಕೊಡಲಿಲ್ಲ.

“ಸುಮ್ನ ಕುಂಡ್ರ. ಕೈಗೆ ರೂಢಿ ಆಗಲಿ.”

ಬಹಳ ಹೊತ್ತು ಹಿಡಿಯಿತು. ಎಳೆಗಳು ಮತ್ತೆ ಮತ್ತೆ ಜಾರಿದವು. ಅವಳು ಮತ್ತೆ ಮತ್ತೆ ಹಿಡಿದಳು. ನಾನು ಒಂದೇ ಉತ್ತರ ಪತ್ರಿಕೆಯನ್ನು ಮೂರು ಸಲ ಓದಿದೆ.

ಸೋಮವಾರ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: “ಮ್ಯಾಡಂ, ಜಡಿ ಸಡಲಾಗಿ ಸೊಟ್ಟ ಆಗೇತ್ರಿ.”

ಇವತ್ತು ಬುಧವಾರ. ನೀವಾಗಿದ್ದರೆ ಬಿಚ್ಚುತ್ತಿದ್ದಿರಾ?